ಸಹಿಯ ಫೋಟೋ ಅಂಟಿಸಿದರೆ ಅದು ಡಿಜಿಟಲ್ ಸಹಿ ಆಗುತ್ತದೆಯೇ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವ ಒಂದು ಸಣ್ಣ ಘಟಕವಿದೆ ಎಂದುಕೊಳ್ಳೋಣ. ಕೆಲವು ವರ್ಷಗಳ ಹಿಂದೆ ಅದಕ್ಕೆ ಗಿರಾಕಿಗಳೆಂದರೆ ಊರಿನ ನಾಲ್ಕು ಊದುಬತ್ತಿ ತಯಾರಕರು ಮಾತ್ರ. ಒಪ್ಪಂದಕ್ಕೆ ಸಹಿ ಬೇಕಾದರೆ ಮಾಲೀಕರೇ ಸ್ಕೂಟರ್ ಹತ್ತಿ ಹೋಗಿ ಹಾಕಿಸಿಕೊಂಡು ಬರುತ್ತಿದ್ದರು. ಈಗ ಗಿರಾಕಿಗಳು ಅರವತ್ತು, ಅದರಲ್ಲಿ ಅರ್ಧದಷ್ಟು ಮಂದಿ ಹೊಸೂರು, ಕೊಯಮತ್ತೂರು, ಪುಣೆಯವರು. ಹಾಗಾಗಿ ಮಾಲೀಕರು ಬಿಳಿ ಹಾಳೆಯ ಮೇಲೆ ಒಮ್ಮೆ ಸಹಿ ಹಾಕಿ, ಫೋಟೋ ತೆಗೆದು, ಅಕೌಂಟ್ಸ್ ನೋಡಿಕೊಳ್ಳುವ ಹುಡುಗನ ಕೈಗೆ ಕೊಟ್ಟಿದ್ದಾರೆ. ಅವನು ಅದನ್ನು ಬೇಕಾದಲ್ಲೆಲ್ಲ ಅಂಟಿಸಿ ಪಿಡಿಎಫ್ ಮಾಡಿ ಕಳಿಸುತ್ತಾನೆ. ಆ ಕಡೆಯವರೂ ತಮ್ಮ ಸಹಿಯ ಫೋಟೋ ಅಂಟಿಸಿ ವಾಪಸ್ ಕಳಿಸುತ್ತಾರೆ. ಎರಡೂ ಕಡೆಯವರು ಇದನ್ನು 'ಡಿಜಿಟಲ್ ಸಹಿ' ಎಂದೇ ಕರೆಯುತ್ತಾರೆ.

ವ್ಯವಹಾರ ಸರಿಯಾಗಿ ನಡೆಯುವ ತನಕ ಇದರಿಂದ ತೊಂದರೆಯೇನೂ ಇಲ್ಲ. ಆದರೆ ಆರು ಲಕ್ಷ ರೂಪಾಯಿ ಬಾಕಿ ಉಳಿಸಿಕೊಂಡ ಗಿರಾಕಿಯೊಬ್ಬರು, "ಈ ದರಕ್ಕೆ ನಾವು ಒಪ್ಪಿಯೇ ಇರಲಿಲ್ಲ, ಆ ಸಹಿಯನ್ನು ಯಾರೋ ಅಂಟಿಸಿದ್ದಾರೆ" ಎಂದುಬಿಟ್ಟರೆ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಸಹಿಯ ಫೋಟೋ ಡಿಜಿಟಲ್ ಸಹಿಯಲ್ಲ. ಅದು ಒಂದು ಚಿತ್ರ ಅಷ್ಟೆ. ಅದನ್ನು ಯಾರು ಬೇಕಾದರೂ ನಕಲು ಮಾಡಬಹುದು. ಅಂಟಿಸಿದ ಮೇಲೆ ಒಪ್ಪಂದದ ಸಾಲುಗಳನ್ನು ಬದಲಿಸಿದರೂ ಆ ಚಿತ್ರಕ್ಕೆ ಅದರ ಅರಿವಿರುವುದಿಲ್ಲ.

ಶಾಯಿ ಮತ್ತು ಅರಗು

ಮೈಸೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಇಲ್ಲಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಕಾರ್ಖಾನೆಯಲ್ಲಿ, 1962ರ ಚುನಾವಣೆಯಿಂದಲೂ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದಾಗ ಅದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿತ್ತು. ಶಾಯಿ ಹೇಳುವುದು 'ಈ ವ್ಯಕ್ತಿ ಮತ ಹಾಕಿದ್ದಾನೆ' ಎಂದು. ಲಕೋಟೆಯ ಮೇಲಿನ ಅರಗಿನ ಮುದ್ರೆ ಹೇಳುವುದು 'ಮುಚ್ಚಿದ ಮೇಲೆ ಇದನ್ನು ಯಾರೂ ತೆರೆದಿಲ್ಲ' ಎಂದು. ನಿಜವಾದ ಡಿಜಿಟಲ್ ಸಹಿ ಈ ಎರಡೂ ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಸಹಿಯ ಫೋಟೋ ಎರಡನ್ನೂ ಮಾಡುವುದಿಲ್ಲ.

ಹೇಗೆ ಮಾಡುತ್ತದೆ? ಸಹಿ ಹಾಕುವಾಗ ತಂತ್ರಾಂಶವು ಇಡೀ ಕಡತವನ್ನು ಒಂದು ಲೆಕ್ಕಾಚಾರಕ್ಕೆ ಒಳಪಡಿಸಿ ಅದರ 'ಹ್ಯಾಶ್' ತೆಗೆಯುತ್ತದೆ. ಇದನ್ನು ಕಡತದ ಬೆರಳಚ್ಚು ಎನ್ನಬಹುದು. ಸಾಮಾನ್ಯವಾಗಿ ಬಳಸುವ ಎಸ್‌ಎಚ್‌ಎ-256 ವಿಧಾನದಲ್ಲಿ ಕಡತ ಎರಡು ಪುಟದ್ದಿರಲಿ, ಇನ್ನೂರು ಪುಟದ್ದಿರಲಿ, ಹ್ಯಾಶ್ ಮಾತ್ರ 256 ಬಿಟ್‌ಗಳಷ್ಟೇ. ಒಪ್ಪಂದದಲ್ಲಿ 1,00,000 ಎಂದಿದ್ದುದನ್ನು 10,00,000 ಮಾಡಿದರೆ, ಅಷ್ಟೇಕೆ, ಒಂದು ಅಲ್ಪವಿರಾಮ ತೆಗೆದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಸಹಿ ಹಾಕುವವರ ಬಳಿ ಮಾತ್ರ ಇರುವ ಗುಟ್ಟಿನ ಕೀಲಿಯಿಂದ ಈ ಹ್ಯಾಶ್‌ಗೆ ಮುದ್ರೆ ಬೀಳುತ್ತದೆ. ಅದಕ್ಕೆ ಜೋಡಿಯಾದ ಇನ್ನೊಂದು ಕೀಲಿ ಎಲ್ಲರಿಗೂ ಕಾಣುವಂಥದ್ದು. ಅದರಿಂದ ಯಾರು ಬೇಕಾದರೂ ಮುದ್ರೆಯನ್ನು ಪರೀಕ್ಷಿಸಬಹುದು, ಆದರೆ ಹೊಸ ಮುದ್ರೆ ಒತ್ತಲು ಬರುವುದಿಲ್ಲ.

ಆ ಕೀಲಿ ಇಂಥವರದ್ದೇ ಎಂದು ಖಾತರಿ ಕೊಡಲು ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆಗಳಿವೆ. ಅವುಗಳಿಗೆ ಪರವಾನಗಿ ಕೊಡುವುದು ಕೇಂದ್ರ ಸರ್ಕಾರದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು. ಬೆಂಗಳೂರಿನ ಇಮುದ್ರಾ, ಪುಣೆಯ ಸಿ-ಡ್ಯಾಕ್ ಇಂಥ ಸಂಸ್ಥೆಗಳು.

ಎರಡು ದಾರಿ

ಮೊದಲನೆಯದು ಆಡಿಟರ್‌ಗಳ ಮೇಜಿನ ಮೇಲೆ ಕಾಣುವ, ಪೆನ್‌ಡ್ರೈವ್‌ನಂತಹ ಯುಎಸ್‌ಬಿ ಟೋಕನ್. ಎಲ್ಲರೂ 'ಡಿಎಸ್‌ಸಿ' ಎನ್ನುವುದು ಇದನ್ನೇ. ಗುಟ್ಟಿನ ಕೀಲಿ ಈ ಟೋಕನ್ನಿನೊಳಗೇ ಇರುತ್ತದೆ. 2021ರಿಂದ ಕ್ಲಾಸ್-2 ಪ್ರಮಾಣಪತ್ರಗಳನ್ನು ನಿಲ್ಲಿಸಲಾಗಿದ್ದು, ಈಗ ಉದ್ದಿಮೆಗಳಿಗೆ ಸಿಗುವುದು ಕ್ಲಾಸ್-3. ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಕಂಪನಿಯ ಅರ್ಜಿ ಸಲ್ಲಿಸಲು, ಕಂಪನಿ ಅಥವಾ ಎಲ್‌ಎಲ್‌ಪಿಯ ಜಿಎಸ್‌ಟಿ ಕೆಲಸಕ್ಕೆ, ಸರ್ಕಾರಿ ಇ-ಟೆಂಡರ್ ಹಾಕಲು ಇದು ಬೇಕೇ ಬೇಕು.

ಎರಡನೆಯದು ಆಧಾರ್ ಆಧಾರಿತ ಇ-ಸೈನ್. 2015ರ ನಿಯಮಗಳ ಮೂಲಕ ಇದಕ್ಕೆ ಕಾನೂನಿನ ಮಾನ್ಯತೆ ಬಂತು. ಟೋಕನ್ ಬೇಡ, ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಒಟಿಪಿ ಸಾಕು. ಒಟಿಪಿ ಸರಿಯಿದ್ದರೆ ಪ್ರಮಾಣೀಕರಣ ಸಂಸ್ಥೆಯ ಸುರಕ್ಷಿತ ಯಂತ್ರದಲ್ಲಿ ಆ ಒಂದು ಸಹಿಗೆಂದೇ ಕೀಲಿ ಹುಟ್ಟುತ್ತದೆ, ಸಹಿ ಬೀಳುತ್ತದೆ, ಕೀಲಿ ನಾಶವಾಗುತ್ತದೆ. ಪ್ರಮಾಣಪತ್ರದ ಆಯಸ್ಸು ಕೇವಲ 30 ನಿಮಿಷ. ಇದನ್ನು ನೋಡಿ ಕೆಲವರು 'ಹಾಗಾದರೆ ಅರ್ಧ ಗಂಟೆಯ ನಂತರ ಸಹಿ ಅಮಾನ್ಯವೇ' ಎಂದು ಗಾಬರಿಯಾಗುತ್ತಾರೆ. ಇಲ್ಲ. ಮುಖ್ಯವಾಗುವುದು ಸಹಿ ಬಿದ್ದ ಗಳಿಗೆಯಲ್ಲಿ ಪ್ರಮಾಣಪತ್ರ ಚಾಲ್ತಿಯಲ್ಲಿತ್ತೇ ಎಂಬುದು. ಆ ಸಮಯ ಕಡತದಲ್ಲೇ ದಾಖಲಾಗಿರುತ್ತದೆ.

ನಮ್ಮ ಪೆಟ್ಟಿಗೆ ಘಟಕಕ್ಕೆ ದಿನನಿತ್ಯದ ಒಪ್ಪಂದಗಳಿಗೆ ಎರಡನೆಯ ದಾರಿಯೇ ಅನುಕೂಲ. ಒಂದು ಎಚ್ಚರಿಕೆ ಬೇಕು: ಇ-ಸೈನ್ ಹೇಳುವುದು ಸಹಿ ಹಾಕಿದವರು ಯಾರು ಎಂದಷ್ಟೇ. ಕಂಪನಿಯ ಪರವಾಗಿ ಸಹಿ ಹಾಕುವ ಅಧಿಕಾರ ಅವರಿಗಿತ್ತೇ ಎಂದು ಅದು ಹೇಳುವುದಿಲ್ಲ. ಅದಕ್ಕೆ ಕಂಪನಿಯ ಅಧಿಕಾರ ಪತ್ರವನ್ನೋ ಆಡಳಿತ ಮಂಡಳಿಯ ನಿರ್ಣಯದ ಪ್ರತಿಯನ್ನೋ ಮೊದಲೇ ತರಿಸಿಕೊಳ್ಳಬೇಕು. ಕಾಗದದ ಕಾಲದಲ್ಲೂ ಇದು ಬೇಕಿತ್ತು. ಆಗ ರಬ್ಬರ್ ಸ್ಟಾಂಪ್ ನೋಡಿ ಸುಮ್ಮನಾಗುತ್ತಿದ್ದೆವು.

ಕಾನೂನು ನಿಜಕ್ಕೂ ಏನು ಹೇಳುತ್ತದೆ?

ಇಲ್ಲಿ ಎರಡು ಅತಿರೇಕದ ನಂಬಿಕೆಗಳಿವೆ. 'ಕೈಬರಹದ ಸಹಿಯೇ ಬೇಕು, ಉಳಿದದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ' ಎಂಬುದು ಒಂದು. 'ವಾಟ್ಸ್ಆ್ಯಪ್‌ನಲ್ಲಿ ಓಕೆ ಅಂದರೂ ಸಾಕು' ಎಂಬುದು ಇನ್ನೊಂದು. ಎರಡರಲ್ಲೂ ಅರ್ಧ ಮಾತ್ರ ಸತ್ಯ.

2000ನೇ ಇಸವಿಯ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 5ನೇ ಸೆಕ್ಷನ್, ನಿಗದಿತ ವಿಧಾನದ ವಿದ್ಯುನ್ಮಾನ ಸಹಿಗೆ ಕೈಸಹಿಯಷ್ಟೇ ಮಾನ್ಯತೆ ಕೊಡುತ್ತದೆ. 10ಎ ಸೆಕ್ಷನ್ ಪ್ರಕಾರ ಒಪ್ಪಂದವು ವಿದ್ಯುನ್ಮಾನ ರೂಪದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಅದು ಅಸಿಂಧುವಾಗುವುದಿಲ್ಲ. ಟ್ರೈಮೆಕ್ಸ್ ಮತ್ತು ವೇದಾಂತ ಕಂಪನಿಗಳ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಇಮೇಲ್‌ಗಳ ಮೂಲಕವೇ ಒಪ್ಪಂದ ಏರ್ಪಟ್ಟಿತ್ತು ಎಂದು ಹೇಳಿತು. ಹಾಗಾದರೆ ಫೋಟೋ ಅಂಟಿಸಿದ ಒಪ್ಪಂದವೂ ನಿಲ್ಲಬಹುದಲ್ಲ? ನಿಲ್ಲಬಹುದು. ಆದರೆ ಅದನ್ನು ನಿಲ್ಲಿಸುವ ಹೊರೆ ನಿಮ್ಮದು. ಇಮೇಲ್, ಡೆಲಿವರಿ ಚಲನ್, ಹಿಂದಿನ ಬಿಲ್ಲುಗಳು, ಎಲ್ಲವನ್ನೂ ಹುಡುಕಿ ತಂದು 'ಇವರು ಒಪ್ಪಿದ್ದರು' ಎಂದು ನೀವೇ ಸಾಬೀತು ಮಾಡಬೇಕು. ಕಾನೂನು ಹೇಳುವ ಸುರಕ್ಷಿತ ವಿಧಾನದಲ್ಲಿ ಸಹಿ ಹಾಕಿದ್ದರೆ ನ್ಯಾಯಾಲಯ ಅದನ್ನು ಸಹಿದಾರರದ್ದೇ ಎಂದು ಭಾವಿಸಿ ಮುಂದುವರಿಯುತ್ತದೆ. ಅಲ್ಲ ಎಂದು ತೋರಿಸುವ ಹೊರೆ ಎದುರಾಳಿಗೆ ಹೋಗುತ್ತದೆ. ಆರು ಲಕ್ಷದ ಬಾಕಿ ವಸೂಲಿಗೆ ನಿಂತವರಿಗೆ ಈ ವ್ಯತ್ಯಾಸ ಚಿಕ್ಕದಲ್ಲ.

ಸಣ್ಣ ಉದ್ದಿಮೆಗಳಿಗೆ ಇನ್ನೊಂದು ಕಾರಣವೂ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ ನೋಂದಾಯಿತ ಸಣ್ಣ ಪೂರೈಕೆದಾರರಿಗೆ ಖರೀದಿದಾರರು ಲಿಖಿತ ಒಪ್ಪಂದದಲ್ಲಿ ಹೇಳಿದ ದಿನದೊಳಗೆ, ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ದರ ಎಷ್ಟು, ಎಷ್ಟು ದಿನದಲ್ಲಿ ಎಂಬ ಪ್ರಶ್ನೆ ಎದ್ದಾಗ ಕೈಗೆ ಬರುವುದು ಆ ಸಹಿ ಇರುವ ಕಡತವೇ.

ಇ-ಸಹಿ ಹಾಕಬಾರದ ಕಾಗದಗಳು

ಎಲ್ಲಕ್ಕೂ ಇ-ಸಹಿ ನಡೆಯುತ್ತದೆ ಎಂದುಕೊಳ್ಳಬೇಡಿ. ಉಯಿಲು ಮತ್ತು ಟ್ರಸ್ಟ್ ಪತ್ರ ಈ ಕಾಯ್ದೆಯ ಹೊರಗಿವೆ. ಊರಲ್ಲಿ ಕೈಸಾಲಕ್ಕೆ ಬರೆಯುವ ಪ್ರೋನೋಟೂ ಹೊರಗೇ. ಅದಕ್ಕೆ ಈಗಲೂ ರೆವಿನ್ಯೂ ಸ್ಟಾಂಪ್ ಮೇಲೆ ಪೆನ್ನಿನ ಸಹಿಯೇ ಬೇಕು. ಮುಖ್ತ್ಯಾರ್ ಪತ್ರವೂ ಹಾಗೆಯೇ. 2022ರ ಸೆಪ್ಟೆಂಬರ್‌ನ ಅಧಿಸೂಚನೆ, ರಿಸರ್ವ್ ಬ್ಯಾಂಕ್, ಸೆಬಿಯಂಥ ನಿಯಂತ್ರಕರ ಅಡಿಯ ಸಂಸ್ಥೆಗಳಿಗೆ ಬರೆದುಕೊಡುವ ಬೇಡಿಕೆಯ ಪ್ರೋನೋಟು ಮತ್ತು ಮುಖ್ತ್ಯಾರ್ ಪತ್ರಗಳಿಗೆ ಮಾತ್ರ ವಿನಾಯಿತಿ ಕೊಟ್ಟಿದೆ. ಸ್ಥಿರಾಸ್ತಿ ಮಾರಾಟದ ಕರಾರನ್ನೂ ಅದೇ ಅಧಿಸೂಚನೆ ನಿಷೇಧದ ಪಟ್ಟಿಯಿಂದ ತೆಗೆಯಿತು. ಹಾಗೆಂದು ಸೈಟಿನ ಕ್ರಯಪತ್ರವನ್ನು ಒಟಿಪಿಯಲ್ಲಿ ಮುಗಿಸಲಾಗದು, ನೋಂದಣಿ ತಪ್ಪುವುದಿಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೂ ನೋಂದಣಿ ಬೇಕು. 11 ತಿಂಗಳ ಕರಾರು ಇಷ್ಟು ಜನಪ್ರಿಯವಾಗಿರುವುದು ಅದಕ್ಕೇ.

ಹೆಚ್ಚಿನವರು ಮರೆಯುವುದು ಮುದ್ರಾಂಕ ಶುಲ್ಕವನ್ನು. ಸಹಿ ಆನ್‌ಲೈನ್ ಆದ ಮಾತ್ರಕ್ಕೆ ಛಾಪಾ ಕಾಗದದ ಖರ್ಚು ಉಳಿಯುವುದಿಲ್ಲ. 1957ರ ಕರ್ನಾಟಕ ಸ್ಟಾಂಪ್ ಕಾಯ್ದೆ ಪ್ರಕಾರ ಶುಲ್ಕ ಕಟ್ಟದ ಪತ್ರವನ್ನು ನ್ಯಾಯಾಲಯ ಸಾಕ್ಷ್ಯವಾಗಿ ತೆಗೆದುಕೊಳ್ಳಬೇಕಾದರೆ, ಕಡಿಮೆಯಾದ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾದೀತು. ಇ-ಸ್ಟಾಂಪ್ ಪಡೆದು, ಅದನ್ನು ಒಪ್ಪಂದದ ಮೊದಲ ಪುಟವಾಗಿ ಸೇರಿಸಿ, ಆಮೇಲೆ ಸಹಿ ಹಾಕಬೇಕು. ಸಹಿ ಬಿದ್ದ ಮೇಲೆ ಪುಟ ಸೇರಿಸಿದರೆ ನಾವು ಮೇಲೆ ಹೇಳಿದ ಹ್ಯಾಶ್ ಕೈಕೊಡುತ್ತದೆ.

ಪ್ರಿಂಟ್ ತೆಗೆದರೆ ಸಹಿ ಎಲ್ಲಿ ಹೋಯಿತು?

ನಮ್ಮ ಮಟ್ಟಿಗೆ ಅತ್ಯಂತ ದುಬಾರಿಯಾದ ತಪ್ಪು ತಿಳಿವಳಿಕೆ ಇದು. ಡಿಜಿಟಲ್ ಸಹಿ ಇರುವ ಪಿಡಿಎಫ್ ಬಂದ ಕೂಡಲೇ ಪ್ರಿಂಟ್ ತೆಗೆದು, ಫೈಲಿಗೆ ಹಾಕಿ, ಮೇಲ್‌ಬಾಕ್ಸ್ ತುಂಬಿತೆಂದು ಮೂಲ ಕಡತವನ್ನು ಅಳಿಸಿಬಿಡುತ್ತಾರೆ. ಸಹಿ ಇರುವುದು ಕಡತದ ಒಳಗೆ. ಪ್ರಿಂಟಿನಲ್ಲಿ ಬರುವುದು ಅದರ ಚಿತ್ರ ಮಾತ್ರ. ಅಲ್ಲಿಗೆ ಫೋಟೋ ಅಂಟಿಸಿದ ಕಾಗದಕ್ಕೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಪ್ರಿಂಟನ್ನು ಮತ್ತೆ ಸ್ಕ್ಯಾನ್ ಮಾಡಿ ಇಟ್ಟುಕೊಂಡರೂ ಅಷ್ಟೇ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರಗಳಲ್ಲಿ ಒಂದು ಸಂಖ್ಯೆ ಇರುವುದು, ಪ್ರಿಂಟ್ ಹಿಡಿದವರೂ ಮೂಲ ದಾಖಲೆಯನ್ನು ಆನ್‌ಲೈನಿನಲ್ಲಿ ತಾಳೆ ನೋಡಲಿ ಎಂದು. ನಿಮ್ಮ ಖಾಸಗಿ ಒಪ್ಪಂದಕ್ಕೆ ಅಂಥ ಸರ್ಕಾರಿ ಕಣಜವಿಲ್ಲ. ಮೂಲ ಪಿಡಿಎಫ್ ಮತ್ತು ಸಹಿ ಸೇವೆ ಕೊಡುವ ಲೆಕ್ಕಪಟ್ಟಿಯನ್ನು, ಅಂದರೆ ಯಾರಿಗೆ ಕಳಿಸಿದ್ದು, ಯಾವಾಗ ತೆರೆದದ್ದು, ಯಾವಾಗ ಸಹಿಯಾದದ್ದು ಎಂಬ ವಿವರವನ್ನು, ನೀವೇ ಎರಡು ಕಡೆ ಉಳಿಸಿಕೊಳ್ಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಅಡಿ ವಿದ್ಯುನ್ಮಾನ ದಾಖಲೆಯ ಜೊತೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಅನ್ನೂ ಬರೆಯಬೇಕು. ಕಡತವೇ ಇಲ್ಲದಿದ್ದರೆ ಏನನ್ನು ಬರೆಯುವುದು?

ಪಿಡಿಎಫ್ ತೆರೆದಾಗ ಹಸಿರು ಗುರುತಿನ ಬದಲು ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಸಹಿ ನಕಲಿ ಎಂದೇನೂ ಅಲ್ಲ. ಭಾರತದ ನಿಯಂತ್ರಕರ ಮೂಲ ಪ್ರಮಾಣಪತ್ರವನ್ನು ನಿಮ್ಮ ತಂತ್ರಾಂಶ ಇನ್ನೂ ನಂಬುತ್ತಿಲ್ಲ ಎಂಬುದು ಅದರ ಸಾಮಾನ್ಯ ಅರ್ಥ. ಅದನ್ನು ಒಮ್ಮೆ ನಂಬಿಕೆಯ ಪಟ್ಟಿಗೆ ಸೇರಿಸಿದರೆ ಸರಿಹೋಗುತ್ತದೆ. ಸಹಿಯ ನಂತರ ಕಡತ ಬದಲಾಗಿದೆ ಎಂಬ ಎಚ್ಚರಿಕೆ ಬಂದರೆ ಮಾತ್ರ ಕಳಿಸಿದವರಿಗೆ ಕೂಡಲೇ ಫೋನ್ ಮಾಡಿ. ಚಿಹ್ನೆಯೇ ಇಲ್ಲ, ಸಹಿಯ ಮೇಲೆ ಕ್ಲಿಕ್ ಮಾಡಿದರೂ ಏನೂ ತೆರೆಯುವುದಿಲ್ಲ ಎಂದಾದರೆ ಅಲ್ಲಿರುವುದು ಬರೀ ಫೋಟೋ.

ಟೋಕನ್ ಯಾರ ಡ್ರಾಯರಿನಲ್ಲಿದೆ?

ಇನ್ನೊಂದು ಅಭ್ಯಾಸ ಎಷ್ಟು ಸಾಮಾನ್ಯವೆಂದರೆ ಯಾರಿಗೂ ಅದು ತಪ್ಪೆಂದೇ ಅನಿಸುವುದಿಲ್ಲ. ಮಾಲೀಕರ ಡಿಎಸ್‌ಸಿ ಟೋಕನ್ ಆಡಿಟರ್ ಕಚೇರಿಯ ಡ್ರಾಯರಿನಲ್ಲಿ, ಪಿನ್ ನಂಬರ್ ಅದರ ಮೇಲೇ ಅಂಟಿಸಿದ ಚೀಟಿಯಲ್ಲಿ. ಕೆಲಸ ಸಲೀಸಾಗುತ್ತದೆ, ನಿಜ. ಆದರೆ ಕಾಯ್ದೆಯ 42ನೇ ಸೆಕ್ಷನ್, ಕೀಲಿಯನ್ನು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳುವ ಹೊಣೆಯನ್ನು ಸಹಿದಾರರ ಮೇಲೆಯೇ ಹೊರಿಸುತ್ತದೆ. ಆ ಟೋಕನ್ನಿಂದ ಬಿದ್ದ ಸಹಿ ಕಾಗದದ ಲೆಕ್ಕದಲ್ಲಿ ನಿಮ್ಮದೇ. 'ನಾನು ಹಾಕಿಲ್ಲ' ಎಂದು ತೋರಿಸುವ ಹೊರೆ ಈ ಸಲ ನಿಮ್ಮ ಹೆಗಲಿಗೆ ಬರುತ್ತದೆ. ಇನ್ನೊಬ್ಬರ ವಿದ್ಯುನ್ಮಾನ ಸಹಿಯನ್ನು ಮೋಸದಿಂದ ಬಳಸಿದವರಿಗೆ 66ಸಿ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಜೈಲು ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ, ಆದರೆ ಅದು ಹಾನಿ ಆದ ಮೇಲಿನ ಮಾತು.

ಟೋಕನ್ ಇಂದು ಎಲ್ಲಿದೆ ಎಂದು ಮೊದಲು ವಿಚಾರಿಸಿ, ತರಿಸಿಕೊಂಡು ಪಿನ್ ಬದಲಿಸಿ. ಕಂಪನಿಯ ಹೆಸರಿನಲ್ಲಿ ಪ್ರಮಾಣಪತ್ರ ಪಡೆದಿದ್ದ ನೌಕರರು ಕೆಲಸ ಬಿಟ್ಟಿದ್ದರೆ, ಅದನ್ನು ಕೊಟ್ಟ ಸಂಸ್ಥೆಗೆ ಬರೆದು ರದ್ದು ಮಾಡಿಸಿ. ಅಕೌಂಟ್ಸ್ ಹುಡುಗನ ಕಂಪ್ಯೂಟರಿನಲ್ಲಿರುವ ಆ ಸಹಿಯ ಫೋಟೋವನ್ನೂ ಅಳಿಸಲು ಹೇಳಿ.