ನಾಲಿಗೆಯಿಂದ ತೋಳಿನವರೆಗೆ: ಸಕ್ಕರೆ ಅಳೆದ ಕಥೆ

ಸಕ್ಕರೆ ಕಾಯಿಲೆಯ ಮೊದಲ ಪರೀಕ್ಷಕರು ಇರುವೆಗಳು. ರೋಗಿಯ ಮೂತ್ರಕ್ಕೆ ಅವು ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಗುರುತಿಸಿದ್ದರು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಥಾಮಸ್ ವಿಲಿಸ್ ಆ ಮೂತ್ರಕ್ಕೆ ಜೇನಿನಂಥ ಸಿಹಿ ಇದೆಯೆಂದು ಬರೆದಿಟ್ಟ. ರುಚಿ ನೋಡದೆ ಇದನ್ನು ಬರೆಯಲಾಗದು! 1776ರಲ್ಲಿ ಮ್ಯಾಥ್ಯೂ ಡಾಬ್ಸನ್ ಮೂತ್ರವನ್ನು ಇಂಗಿಸಿ, ತಳದಲ್ಲಿ ಉಳಿದದ್ದು ಸಕ್ಕರೆಯೇ ಎಂದು ತೋರಿಸಿದ.

ಆಮೇಲೆ ಬಂದದ್ದು 20ನೇ ಶತಮಾನದ ಆರಂಭದ ಬೆನೆಡಿಕ್ಟ್ ದ್ರಾವಣ. ಪಿಯುಸಿ ಪ್ರಯೋಗಾಲಯದಲ್ಲಿ ನೀಲಿ ದ್ರಾವಣ ಕುದಿದು ಇಟ್ಟಿಗೆ ಕೆಂಪಾದದ್ದನ್ನು ಕಂಡವರಿಗೆ ಅದನ್ನು ವಿವರಿಸಬೇಕಿಲ್ಲ. ಆದರೆ ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲಷ್ಟೇ ಅದು ಮೂತ್ರಕ್ಕಿಳಿಯುತ್ತದೆ. ಅದೂ ಗಂಟೆಗಳ ಹಿಂದಿನ ಸುದ್ದಿ. ಸಕ್ಕರೆ ಕುಸಿದರೆ ಮೂತ್ರ ಏನನ್ನೂ ಹೇಳದು. 1922ರಲ್ಲಿ ಇನ್ಸುಲಿನ್ ಬಂದ ಮೇಲೆ ರೋಗಿಗಳನ್ನು ಹೆಚ್ಚು ಹೆದರಿಸಿದ್ದು ಈ ಕುಸಿತವೇ.

ರಕ್ತದ ಸಕ್ಕರೆ ಅಳೆಯುವ ಪುಟ್ಟ ಯಂತ್ರ ಅಮೆರಿಕದಲ್ಲಿ 1970ರ ಹೊತ್ತಿಗೆ ತಯಾರಾಯಿತು. ತೂಕ ಒಂದು ಕಿಲೋ ಮೀರಿತ್ತು. ಅದನ್ನು ವೈದ್ಯರಿಗೆ, ಆಸ್ಪತ್ರೆಗಳಿಗೆ ಮಾತ್ರ ಮಾರುತ್ತಿದ್ದರು. ಹನ್ನೆರಡರ ವಯಸ್ಸಿನಿಂದ ಸಕ್ಕರೆ ಕಾಯಿಲೆಯಿದ್ದ ರಿಚರ್ಡ್ ಬರ್ನ್‌ಸ್ಟೈನ್ ಎಂಬ ಎಂಜಿನಿಯರ್, ವೈದ್ಯೆಯಾಗಿದ್ದ ಹೆಂಡತಿಯ ಹೆಸರಿನಲ್ಲಿ ಒಂದನ್ನು ತರಿಸಿಕೊಂಡರು. ದಿನಕ್ಕೆ ಹಲವು ಸಲ ಬೆರಳು ಚುಚ್ಚಿ, ಊಟವನ್ನೂ ಇನ್ಸುಲಿನ್ನನ್ನೂ ಅಂಕಿಗೆ ತಕ್ಕಂತೆ ಹೊಂದಿಸಿಕೊಂಡರು. ಅವರು ಬರೆದ ಲೇಖನವನ್ನು ವೈದ್ಯಕೀಯ ಪತ್ರಿಕೆಗಳು ಹಿಂತಿರುಗಿಸಿದವು. ಹಾಗಾದರೆ ವೈದ್ಯನೇ ಆಗಿಬಿಡುತ್ತೇನೆ ಎಂದು ಅವರು ನಲವತ್ತು ದಾಟಿದ ಮೇಲೆ ವೈದ್ಯಕೀಯ ಕಾಲೇಜು ಸೇರಿದರು. ಇಂಥ ಹಟಮಾರಿಗಳಿಲ್ಲದಿದ್ದರೆ ಮನೆಯಲ್ಲೇ ಸಕ್ಕರೆ ನೋಡಿಕೊಳ್ಳುವ ಪದ್ಧತಿ ಇನ್ನಷ್ಟು ತಡವಾಗುತ್ತಿತ್ತು.

1993ರಲ್ಲಿ ಅವರ ವಾದಕ್ಕೆ ಬಲ ಬಂತು. ಟೈಪ್ 1 ಕಾಯಿಲೆಯ 1,441 ಜನರ ಮೇಲೆ ಅಮೆರಿಕ, ಕೆನಡಾಗಳಲ್ಲಿ ನಡೆದ ಅಧ್ಯಯನದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟವರಿಗೆ ಕಣ್ಣಿನ ಹಾನಿಯ ಅಪಾಯ ಶೇ 76ರಷ್ಟು ಇಳಿಯಿತು. ಆದರೆ ತೀವ್ರ ಸಕ್ಕರೆ ಕುಸಿತ ಸುಮಾರು ಮೂರು ಪಟ್ಟಾಯಿತು. ನಿದ್ದೆಯಲ್ಲೂ ಕಾಯುವ ಯಂತ್ರ ಬೇಕೆನಿಸಿದ್ದು ಅದಕ್ಕೇ.

1999ರಲ್ಲಿ ಮಿನಿಮೆಡ್ ಕಂಪನಿಯ ಮೊದಲ ಸಂವೇದಕಕ್ಕೆ ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಮೂರು ದಿನ ಧರಿಸಬೇಕು, ಅಂಕಿ ಮಾತ್ರ ವೈದ್ಯರಿಗೇ ಕಾಣುವುದು! 2001ರ ಗ್ಲುಕೋವಾಚ್ ಇನ್ನೂ ವಿಚಿತ್ರ. ಮಣಿಕಟ್ಟಿನ ಚರ್ಮಕ್ಕೆ ಸಣ್ಣ ವಿದ್ಯುತ್ ಹಾಯಿಸಿ ಒಳಗಿನ ದ್ರವ ಸೆಳೆಯುತ್ತಿತ್ತು. ಚರ್ಮ ಕೆಂಪಾಗಿ ಉರಿಯುತ್ತಿತ್ತು. ಬೆವರು ಬಂದರೆ ಅಂಕಿಯೇ ಬಿಟ್ಟುಹೋಗುತ್ತಿತ್ತು. ಸಕ್ಕರೆ ಕುಸಿದಾಗ ಬರುವುದೇ ಬೆವರು. ಬೇಕಾದ ಹೊತ್ತಿಗೆ ಯಂತ್ರ ಕೈಕೊಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಯಿಂದ ಮಾಯವಾಯಿತು.

ತೋಳಿನ ಹಿಂದೆ ಹದಿನಾಲ್ಕು ದಿನ ಅಂಟಿಕೊಂಡಿರುವ ಲಿಬ್ರೆ ಎಂಬ ಸಂವೇದಕ 2014ರಲ್ಲಿ ಯೂರೋಪಿಗೆ ಬಂತು. ಈಗಿನ ಯಂತ್ರಗಳು ಕೆಲವೇ ನಿಮಿಷಕ್ಕೊಮ್ಮೆ ಅಂಕಿ ಕೊಡುತ್ತವೆ, ಸಕ್ಕರೆ ಏರುತ್ತಿದೆಯೋ ಇಳಿಯುತ್ತಿದೆಯೋ ಬಾಣದಿಂದ ತೋರಿಸುತ್ತವೆ. ನಡುರಾತ್ರಿ ಮಗುವಿನ ಸಕ್ಕರೆ ಕುಸಿದರೆ ತಾಯಿಯ ಮೊಬೈಲು ಕೂಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಹಾಗೆಂದು ದೋಷಗಳಿಲ್ಲದಿಲ್ಲ. ಸಂವೇದಕ ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ಆದ್ದರಿಂದ ಅಂಕಿ ಐದು ಹತ್ತು ನಿಮಿಷ ಹಿಂದೆ ಬೀಳುತ್ತದೆ. ಸಂವೇದಕದ ಮೇಲೆ ಮಗ್ಗುಲಾಗಿ ಮಲಗಿದರೆ ಇಲ್ಲದ ಕುಸಿತ ಕಾಣುತ್ತದೆ. ಕೆಲವು ಮಾದರಿಗಳನ್ನು ಪ್ಯಾರಸಿಟಮಾಲ್, ಇನ್ನು ಕೆಲವನ್ನು ಹೆಚ್ಚಿನ ವಿಟಮಿನ್ ಸಿ ದಾರಿ ತಪ್ಪಿಸುತ್ತವೆ. ಕೆಲವು ಸಂವೇದಕಗಳಲ್ಲಿ ಬಳಸಿದ ಐಸೋಬಾರ್ನಿಲ್ ಅಕ್ರಿಲೇಟ್ ಎಂಬ ರಾಸಾಯನಿಕ ಹಲವರ ಚರ್ಮಕ್ಕೆ ಒಗ್ಗದಿರುವುದು 2017ರಲ್ಲಿ ಬೆಳಕಿಗೆ ಬಂತು.

2024ರಲ್ಲಿ ಅಮೆರಿಕ, ಇನ್ಸುಲಿನ್ ಬೇಡದವರು ಚೀಟಿಯಿಲ್ಲದೆ ಕೊಳ್ಳಬಹುದಾದ ಸಂವೇದಕಕ್ಕೆ ಅನುಮತಿಯಿತ್ತಿತು. ಆರೋಗ್ಯವಂತರಿಗೂ ಇಡ್ಲಿ ತಿಂದ ಮೇಲೆ ಸಕ್ಕರೆ ಏರುತ್ತದೆ. ಅದನ್ನು ದಿನವಿಡೀ ನೋಡುತ್ತ ಕೂರುವುದರಿಂದ ಲಾಭಕ್ಕಿಂತ ಚಿಂತೆಯೇ ಹೆಚ್ಚು. ಅದೇ ವರ್ಷ ಎಫ್‌ಡಿಎ, ಚರ್ಮ ಚುಚ್ಚದೆ ತಾವಾಗಿಯೇ ಸಕ್ಕರೆ ಅಳೆಯುತ್ತೇವೆನ್ನುವ ಕೈಗಡಿಯಾರ, ಉಂಗುರ ಯಾವುದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲವೆಂದು ಎಚ್ಚರಿಸಿತು. ಅಂಥವುಗಳಿಗೆ ದುಡ್ಡು ಸುರಿಯಬೇಡಿ. ನಿಜವಾದ ಸಂವೇದಕ ಧರಿಸಿದ್ದರೂ, ಅದು ತೋರಿಸುವ ಅಂಕಿಗೂ ಮೈಗೆ ಅನ್ನಿಸುವುದಕ್ಕೂ ತಾಳೆಯಾಗದಾಗ ಇನ್ಸುಲಿನ್ ಚುಚ್ಚಿಕೊಳ್ಳುವ ಮುನ್ನ ಬೆರಳು ಚುಚ್ಚಿ ನೋಡಿಕೊಳ್ಳಿ.