ನಾಲ್ಕು ಮತ್ತು ಮೂರು: ತಿರುಮಕೂಡಲು ಚೌಡಯ್ಯನವರ ಏಳು ತಂತಿಯ ಪಿಟೀಲು

ಚೌಡಯ್ಯನವರ ಏಳು ತಂತಿಯ ಪಿಟೀಲಿಗೆ ವೀಣೆಯೇ ಮಾದರಿ ಎಂಬ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಅದಕ್ಕೆ ಕೊಡುವ ಆಧಾರ ಒಂದು ಸಂಖ್ಯೆ ಮಾತ್ರ. ವೀಣೆಗೆ ನುಡಿಸುವ ತಂತಿ ನಾಲ್ಕು, ತಾಳದ ತಂತಿ ಮೂರು. ಈ ಪಿಟೀಲಿಗೂ ಮೊದಲಿದ್ದವು ನಾಲ್ಕು, ಸೇರಿದವು ಮೂರು. ವೈಣಿಕ ಶೇಷಣ್ಣನವರ ಮೈಸೂರಿನಲ್ಲಿ ಪಳಗಿದ ಕೈ ವೀಣೆಯನ್ನು ಬಿಟ್ಟು ಇನ್ನೇನನ್ನು ನೋಡೀತು ಎಂಬ ಅಭಿಮಾನ ಇದರ ಹಿಂದಿದೆ. ಆ ಅಭಿಮಾನ ನನಗೂ ಉಂಟು. ಆದರೆ ಎಣಿಕೆ ಹೊಂದಿದ ಮಾತ್ರಕ್ಕೆ ವಂಶ ಹೊಂದುವುದಿಲ್ಲ.

ತಾಳದ ತಂತಿಗಳು ದಂಡಿಯ ಪಕ್ಕದಲ್ಲಿರುತ್ತವೆ. ಬಲಗೈ ಕಿರುಬೆರಳು ಅವನ್ನು ಮೀಟುತ್ತದೆ. ಎಡಗೈ ಒತ್ತುವುದೇ ಇಲ್ಲ. 1927ರ ಸುಮಾರಿಗೆ ಚೌಡಯ್ಯನವರು ಸೇರಿಸಿದ ಮೂರು ತಂತಿಗಳಾದರೋ ನುಡಿಸುವ ತಂತಿಗಳ ಮಗ್ಗುಲಲ್ಲೇ, ಸ್ಥಾಯಿಯ ಅಂತರದ ಜೋಡಿಗಳಾಗಿ ಕೂತವು. ಒಂದೇ ಬೆರಳು ಎರಡನ್ನೂ ಒತ್ತಬೇಕು, ಒಂದೇ ಕಮಾನು ಎರಡನ್ನೂ ಉಜ್ಜಬೇಕು. ಅಂದರೆ ಮೂರು ಜೋಡಿ, ಒಂದು ಒಂಟಿ. ವೀಣೆಯಲ್ಲಿ ಈ ವ್ಯವಸ್ಥೆ ಎಲ್ಲಿದೆ?

ಇದರ ನಿಜವಾದ ನೆಂಟ ಯುರೋಪಿನ ಹಳೆಯ ಲ್ಯೂಟ್. ಹದಿನಾರನೆಯ ಶತಮಾನದ ಲ್ಯೂಟಿನಲ್ಲಿ ಸಾಮಾನ್ಯವಾಗಿ ಆರು ಸಾಲು, ಹನ್ನೊಂದು ತಂತಿ: ಮೇಲಿನದು ಒಂಟಿ, ಉಳಿದವು ಜೋಡಿ, ಮಂದ್ರದ ಜೋಡಿಗಳಿಗೆ ಸ್ಥಾಯಿಯ ಅಂತರ. ಹನ್ನೆರಡು ತಂತಿಯ ಗಿಟಾರೂ ಇದೇ ಕುಲ. ಚೌಡಯ್ಯನವರು ಲ್ಯೂಟನ್ನು ನೋಡಿ ನಕಲು ಮಾಡಿದರೆಂದು ನಾನು ಹೇಳುತ್ತಿಲ್ಲ. ಅಂಥ ಮಾತು ಇನ್ನೊಂದು ತಪ್ಪಾದೀತು. ರಚನೆಯ ತರ್ಕ ಒಂದೇ ಎನ್ನುತ್ತಿದ್ದೇನೆ, ಅಷ್ಟೆ.

ತರ್ಕ ಬಿಗಿಯಾಗುವುದು ಗಮಕದಲ್ಲಿ. ವೈಣಿಕರು ಮೆಟ್ಟಿಲ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದು ಗಮಕ ತೆಗೆಯುತ್ತಾರೆ. ದಪ್ಪವೂ ಬಿಗುವೂ ಬೇರೆಯಾದ ಎರಡು ತಂತಿಗಳನ್ನು ಹಾಗೆ ಎಳೆದರೆ ಎರಡೂ ಒಂದೇ ಅಳತೆಯಲ್ಲಿ ಏರುವುದಿಲ್ಲ, ಶ್ರುತಿ ಒಡೆಯುತ್ತದೆ. ಹನ್ನೆರಡು ತಂತಿಯ ಗಿಟಾರಿನಲ್ಲಿ ಬ್ಲೂಸ್ ನುಡಿಸುವವರಿಗೂ, ಲ್ಯೂಟಿನಲ್ಲಿ ಜಾಝ್ ನುಡಿಸಹೊರಟವರಿಗೂ ಇದೇ ತೊಡಕು. ಪಿಟೀಲಿಗೆ ಮೆಟ್ಟಿಲಿಲ್ಲ, ಬೆರಳು ಉದ್ದಕ್ಕೆ ಜಾರುತ್ತದೆ, ಜೋಡಿ ಜೊತೆಗೇ ಜಾರುತ್ತದೆ. ಹಳೆಯ ಪಿಟೀಲೊಂದಕ್ಕೆ ಜೋಡಿ ಬಿಗಿದು ನಾನೇ ನೋಡಿದ್ದೇನೆ. ಕುದುರೆಯ ಮೇಲೆ ಎರಡೂ ಒಂದೇ ಎತ್ತರಕ್ಕೆ ಬರಲು ಒಂದಿಡೀ ಮಧ್ಯಾಹ್ನ ಹಿಡಿಯಿತು. ಕೂದಲೆಳೆಯಷ್ಟು ತಗ್ಗಾದರೆ ಕಮಾನು ಒಂದನ್ನೇ ಹಿಡಿಯುತ್ತದೆ. ಬೆರಳ ತುದಿಯಲ್ಲಿ ಒಂದರ ಬದಲು ಎರಡು ಗೀರು. ಆದರೆ ಜಾರು ಒಡೆಯಲಿಲ್ಲ.

ವಿರುದ್ಧ ದಿಕ್ಕಿನ ಸಾಕ್ಷಿಯೂ ಇದೆ. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತ ಜಾಝ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, 1970ರ ದಶಕದಲ್ಲಿ ‘ಶಕ್ತಿ’ ತಂಡಕ್ಕಾಗಿ ಗಿಟಾರನ್ನು ಮಾರ್ಪಡಿಸಿಕೊಂಡರು. ನುಡಿಸುವ ಆರು ತಂತಿಗಳನ್ನು ಒಂಟಿಯಾಗಿಯೇ ಉಳಿಸಿ, ಬೆರಳು ಮುಟ್ಟದ ಏಳು ತಂತಿಗಳನ್ನು ಓರೆಯಾಗಿ ಹಾಯಿಸಿದರು. ಎಳೆಯಲು ಅನುವಾಗಲೆಂದು ಮೆಟ್ಟಿಲುಗಳ ನಡುವಿನ ಮರವನ್ನು ಕೊರೆಸಿದರು. ವೀಣೆಯನ್ನು ಮಾದರಿಯಾಗಿ ಇಟ್ಟುಕೊಂಡವರು ಮಾಡುವುದು ಇದನ್ನು. ಚೌಡಯ್ಯನವರು ಮಾಡಿದ್ದು ಇದಲ್ಲ.

ಸಭೆಯ ಹಿಂದಿನ ಸಾಲಿಗೆ ಕೇಳಿಸದೆಂದು ತಂತಿ ಸೇರಿಸಿದರು, ಗುರು ಬಿಡಾರಂ ಕೃಷ್ಣಪ್ಪನವರು ನಾದ ಹೆಚ್ಚಿದ್ದನ್ನು ಗುರುತಿಸಿ ವಿಚಾರಿಸಿದರು ಎಂಬ ಕಥೆ ಜನಜನಿತ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಧ್ವನಿವರ್ಧಕವಿಲ್ಲದ ಕಾಲ ಅದು. ಆದರೆ ಸಮಬಲದ ಎರಡು ನಾದಮೂಲಗಳು ಕೂಡಿದರೆ ಏರುವುದು ಸುಮಾರು 3 ಡೆಸಿಬೆಲ್ ಮಾತ್ರ. ಅದೂ ಇಲ್ಲಿ ಕಮಾನಿನ ಒತ್ತಡ ಇಬ್ಭಾಗವಾಗುತ್ತದೆ. ಬರೀ ಗಟ್ಟಿತನ ಎಂಥದೆಂದು ಕಪಿಲೆಯ ದಂಡೆಯವರಿಗೆ ಹೇಳಿಕೊಡಬೇಕಿಲ್ಲ: ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ನಾಗಸ್ವರ, ಡೋಲು ತೇರುಬೀದಿಯ ಗದ್ದಲವನ್ನು ಸೀಳಿಕೊಂಡು ಬರುತ್ತವೆ. ಪಿಟೀಲು ಅದಕ್ಕೆ ಸಾಟಿಯಾಗದು. ಸ್ಥಾಯಿ ಜೋಡಿ ಕೊಡುವುದು ಮುಖ್ಯವಾಗಿ ಗಾತ್ರ. ಗಂಡುದನಿಗೆ ಬೇಕಾದ ನೆರಳು.

ಅದೇ ಕಪಿಲೆ ನಂಜನಗೂಡನ್ನು ದಾಟಿ ಕಾವೇರಿಯನ್ನು ಕೂಡುವ ತಿರುಮಕೂಡಲು ಚೌಡಯ್ಯನವರು 1895ರಲ್ಲಿ ಹುಟ್ಟಿದ ಊರು. ತಮ್ಮ ಕೃತಿಗಳಿಗೆ ಅವರು ಇಟ್ಟುಕೊಂಡ ಅಂಕಿತವೂ ‘ತ್ರಿಮಕುಟ’ವೇ. ಮೂರು ತಂತಿಗೂ ಅಂಕಿತದ ಆ ‘ತ್ರಿ’ಗೂ ನಂಟು ಹಚ್ಚುವವರೂ ಇದ್ದಾರು. ಸಂಖ್ಯೆಯ ಆ ಮೋಹವೇ ನಮ್ಮನ್ನು ವೀಣೆಯ ತಪ್ಪಿಗೆ ತಂದದ್ದು. ಎಣಿಸುವುದನ್ನು ಬಿಟ್ಟು, ಚೆಂಬೈ ವೈದ್ಯನಾಥ ಭಾಗವತರ ಆ ತುಂಬುದನಿಗೆ ಚೌಡಯ್ಯನವರು ಪಕ್ಕವಾದ್ಯ ನುಡಿಸಿದ ಧ್ವನಿಮುದ್ರಣವನ್ನು ಕೇಳಬೇಕು. ಕಮಾನು ಮಂದ್ರಕ್ಕೆ ಇಳಿದಾಗ ಸ್ವರದ ಕೆಳಗೆ ಇನ್ನೊಂದು ಸ್ವರ ಬಂದು ನಿಲ್ಲುವುದು ಕಿವಿಗೆ ಸಿಗುತ್ತದೆ.