ಪ್ರೊಬೇಷನ್ ಷರತ್ತುಗಳ ಉಲ್ಲಂಘನೆ

ಅಪರಾಧ ಸಾಬೀತಾದ ಮೇಲೂ ಕೂಡಲೇ ಶಿಕ್ಷೆ ವಿಧಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಅಪರಾಧಿಯನ್ನು ಬಿಡುವ ಕ್ರಮವೇ ಪ್ರೊಬೇಷನ್, ಅಂದರೆ ಪರಿವೀಕ್ಷಣೆ. ಮುಚ್ಚಳಿಕೆಯ ಷರತ್ತು ಮುರಿದರೆ ಮುಂದೇನು ಎಂಬುದನ್ನು ಭಾರತದಲ್ಲಿ ಮುಖ್ಯವಾಗಿ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ನಿರ್ಧರಿಸುತ್ತದೆ. ತುಮಕೂರಿನ ಜಿಲ್ಲಾ ನ್ಯಾಯಾಲಯಕ್ಕೂ ಗುಬ್ಬಿ, ಕುಣಿಗಲ್‌ಗಳ ಜೆ.ಎಂ.ಎಫ್.ಸಿ. ನ್ಯಾಯಾಲಯಗಳಿಗೂ ಅನ್ವಯಿಸುವುದು ಇದೇ ಕೇಂದ್ರ ಕಾಯ್ದೆ. ಷರತ್ತು ಮುರಿದವನು ನೇರ ಜೈಲಿಗೆ ಹೋಗುತ್ತಾನೆ ಎಂದು ನಂಬುವವರಿದ್ದಾರೆ; ಮುಚ್ಚಳಿಕೆ ಬರೆದುಕೊಟ್ಟರೆ ಕೇಸು ಮುಗಿದ ಹಾಗೆ ಎಂದು ತಿಳಿದವರೂ ಇದ್ದಾರೆ. ಎರಡೂ ಸರಿಯಲ್ಲ. ಪ್ರೊಬೇಷನ್‌ನಲ್ಲಿ ಶಿಕ್ಷೆ ರದ್ದಾಗುವುದಿಲ್ಲ, ಮುಂದಕ್ಕೆ ಹೋಗಿರುತ್ತದೆ. ಉಲ್ಲಂಘನೆಯಾದರೆ ಆ ಪ್ರಶ್ನೆ ಮತ್ತೆ ವಿಚಾರಣೆಗೆ ಬರುತ್ತದೆ.

ಈ ಪದ್ಧತಿಯ ಬೇರು ಅಮೆರಿಕದ ಬಾಸ್ಟನ್‌ನಲ್ಲಿದೆ. 1841ರಲ್ಲಿ ಜಾನ್ ಅಗಸ್ಟಸ್ ಎಂಬ ಬೂಟು ತಯಾರಕ ಒಬ್ಬ ಕುಡುಕನಿಗೆ ನ್ಯಾಯಾಲಯದಲ್ಲಿ ಜಾಮೀನು ನಿಂತು, ಅವನನ್ನು ದಾರಿಗೆ ತರುವ ಹೊಣೆ ಹೊತ್ತ. 1878ರಲ್ಲಿ ಮ್ಯಾಸಚೂಸೆಟ್ಸ್ ಇದಕ್ಕೆ ಕಾನೂನಿನ ರೂಪ ಕೊಟ್ಟಿತು. ಇಂಗ್ಲೆಂಡಿನಲ್ಲಿ 1887 ಮತ್ತು 1907ರಲ್ಲಿ ಕಾಯ್ದೆಗಳು ಬಂದವು. ಭಾರತದಲ್ಲಿ 1898ರ ದಂಡ ಪ್ರಕ್ರಿಯಾ ಸಂಹಿತೆಯ 562ನೇ ಕಲಂ ಮೊದಲ ಸಲ ತಪ್ಪು ಮಾಡಿದವರಿಗೆ ಈ ಅವಕಾಶ ನೀಡಿತು. ಷರತ್ತು ಮುರಿದವರ ವಿಷಯ ಅದರ ಮುಂದಿನ 563ನೇ ಕಲಮಿನಲ್ಲಿತ್ತು: ವಾರಂಟ್ ಹೊರಡಿಸಿ ಕರೆಸಿ, ವಿಚಾರಣೆ ನಡೆಸಿ ಶಿಕ್ಷೆ ವಿಧಿಸುವುದು. ಸಣ್ಣ ತಪ್ಪಿಗೆ ಸಣ್ಣ ದಂಡ ಎಂಬ ನಡುವಣ ದಾರಿ ಅಲ್ಲಿರಲಿಲ್ಲ.

ಪ್ರಾಂತ್ಯಗಳು ಮುಂದೆ ತಮ್ಮದೇ ಕಾಯ್ದೆಗಳನ್ನು ಮಾಡಿಕೊಂಡವು. ಮದ್ರಾಸಿನ 1936ರ ಕಾಯ್ದೆ ಮಂಗಳೂರು, ಕಾಸರಗೋಡು, ಬಳ್ಳಾರಿಗಳಿಗೂ, ಮುಂಬಯಿಯ 1938ರ ಕಾಯ್ದೆ ಧಾರವಾಡ, ಬೆಳಗಾವಿ ಕಡೆಗೂ ಸಂಬಂಧಿಸಿದ್ದವು. ತುಮಕೂರು ಮೈಸೂರು ಸಂಸ್ಥಾನದ ಜಿಲ್ಲೆಯಾಗಿದ್ದರಿಂದ ಇವು ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. 1951ರಲ್ಲಿ ಕೇಂದ್ರದ ಸಂಹಿತೆ ಮೈಸೂರಿಗೂ ವಿಸ್ತರಿಸಿತು. ಹೀಗೆ ಬೇರೆ ಬೇರೆ ಪದ್ಧತಿಗಳಿಂದ ಬಂದ ಬಹುತೇಕ ಕನ್ನಡ ಪ್ರದೇಶಗಳು 1956ರಲ್ಲಿ ಒಂದಾದವು. ಇನ್ನೆರಡು ವರ್ಷದೊಳಗೆ ದೇಶಕ್ಕೆಲ್ಲ ಒಂದೇ ಪ್ರೊಬೇಷನ್ ಕಾಯ್ದೆ ಸಿದ್ಧವಾಯಿತು.

1958ರ ಕಾಯ್ದೆಯ 4ನೇ ಕಲಂ ಪ್ರಕಾರ ಮುಚ್ಚಳಿಕೆಯ ಅವಧಿ ಮೂರು ವರ್ಷ ಮೀರುವಂತಿಲ್ಲ. ಪರಿವೀಕ್ಷಣಾಧಿಕಾರಿಯ ಉಸ್ತುವಾರಿಗೆ ಒಪ್ಪಿಸಿದರೆ ಅದು ಕನಿಷ್ಠ ಒಂದು ವರ್ಷ ಇರಬೇಕು. ವಾಸದ ಸ್ಥಳ, ಮಾದಕ ಪಾನೀಯದಿಂದ ದೂರವಿರುವುದು ಮುಂತಾದ ಷರತ್ತುಗಳನ್ನು ಹಾಕಬಹುದು. ಷರತ್ತುಗಳನ್ನು ಅಪರಾಧಿಗೆ ತಿಳಿಸಿ ಹೇಳಿ, ಅವನಿಗೂ ಜಾಮೀನುದಾರರಿಗೂ ಆದೇಶದ ಪ್ರತಿ ಕೊಡುವುದು ನ್ಯಾಯಾಲಯದ ಕರ್ತವ್ಯ. ಓದು ಬಾರದವನ ಪಾಲಿಗೆ ಈ ವಿವರಣೆಯೇ ಆದೇಶದ ಜೀವಾಳ. ಅದು ಅವಸರದಲ್ಲಿ ಮುಗಿದುಹೋದರೆ ಮುಂದಿನ ಉಲ್ಲಂಘನೆಗೆ ಅಲ್ಲೇ ಬೀಜ ಬಿದ್ದಿರುತ್ತದೆ.

ಉಲ್ಲಂಘನೆಯ ವಿಚಾರಣೆಯನ್ನು ಹೇಳುವುದು 9ನೇ ಕಲಂ. ಪರಿವೀಕ್ಷಣಾಧಿಕಾರಿಯ ವರದಿಯಿಂದಲೋ ಬೇರೆ ರೀತಿಯಿಂದಲೋ ಷರತ್ತು ಮುರಿದಿದೆ ಎಂದು ನಂಬಲು ಕಾರಣವಿದ್ದರೆ ನ್ಯಾಯಾಲಯ ವಾರಂಟ್ ಹೊರಡಿಸಬಹುದು, ಸಮನ್ಸ್ ಕಳಿಸಬಹುದು; ಜಾಮೀನುದಾರರಿಗೂ ಸಮನ್ಸ್ ಹೋಗಬಹುದು. ಹಾಜರಾದವನನ್ನು ವಿಚಾರಣೆ ಮುಗಿಯುವವರೆಗೆ ಬಂಧನದಲ್ಲಿಡಲೂ ಜಾಮೀನಿನ ಮೇಲೆ ಬಿಡಲೂ ಅಧಿಕಾರವಿದೆ. ಅಧಿಕಾರಿಯ ವರದಿ ವಿಚಾರಣೆಗೆ ಆರಂಭವೇ ಹೊರತು ತೀರ್ಪಲ್ಲ. ಹೊಸದೊಂದು ಎಫ್.ಐ.ಆರ್. ದಾಖಲಾದ ಮಾತ್ರಕ್ಕೂ ಉಲ್ಲಂಘನೆ ಸಾಬೀತಾಗದು; ನ್ಯಾಯಾಲಯಕ್ಕೆ ಅದು ಮನವರಿಕೆಯಾಗಬೇಕು.

ಮನವರಿಕೆಯಾದ ಮೇಲೆ ದಾರಿ ಎರಡು. ಮೂಲ ಅಪರಾಧಕ್ಕೆ ಶಿಕ್ಷೆ ವಿಧಿಸುವುದು ಒಂದು. ಮೊದಲ ಸಲದ ತಪ್ಪಾಗಿದ್ದರೆ, ಮುಚ್ಚಳಿಕೆಯನ್ನು ಹಾಗೆಯೇ ಮುಂದುವರಿಸಿ ಐವತ್ತು ರೂಪಾಯಿ ಮೀರದ ದಂಡ ಹಾಕುವುದು ಇನ್ನೊಂದು. ಗೊತ್ತುಪಡಿಸಿದ ಅವಧಿಯಲ್ಲಿ ದಂಡ ಕಟ್ಟದಿದ್ದರೆ ಮತ್ತೆ ಮೂಲ ಶಿಕ್ಷೆಯ ಮಾತೇ ಬರುತ್ತದೆ. 1898ರ ಸಂಹಿತೆಯಲ್ಲಿ ಇಲ್ಲದಿದ್ದ ಈ ನಡುವಣ ಮೆಟ್ಟಿಲು 1958ರ ಕಾಯ್ದೆಯ ನಿಜವಾದ ಮುನ್ನಡೆ. ಆದರೆ ಐವತ್ತು ರೂಪಾಯಿಯ ಮಿತಿ ಇಂದಿಗೂ ಐವತ್ತರಲ್ಲೇ ನಿಂತಿದೆ. ಅಂದು ಕೂಲಿಕಾರನಿಗೆ ಭಾರವಾಗಿದ್ದ ಮೊತ್ತ ಇಂದು ಎಚ್ಚರಿಕೆಯಾಗಿಯೂ ಉಳಿದಿಲ್ಲ. ಹಾಗಾಗಿ ನ್ಯಾಯಾಧೀಶರ ಕೈಯಲ್ಲಿ ಉಳಿಯುವುದು ಲೆಕ್ಕಕ್ಕಿಲ್ಲದ ದಂಡ ಇಲ್ಲವೇ ಜೈಲು. ಇದನ್ನು ಸಂಸತ್ತು ಎಂದೋ ಸರಿಪಡಿಸಬೇಕಿತ್ತು.

ಗುಬ್ಬಿ ತಾಲ್ಲೂಕಿನ ಒಂದು ಅಡಿಕೆ ತೋಟದಲ್ಲಿ ಬದುವಿನ ವಿಷಯಕ್ಕೆ ಜಗಳವಾಗಿ, ದಾಯಾದಿಯನ್ನು ದೊಣ್ಣೆಯಿಂದ ಹೊಡೆದ ಯುವಕನಿಗೆ ಪ್ರೊಬೇಷನ್ ಸಿಕ್ಕಿದೆ ಎಂದುಕೊಳ್ಳೋಣ. ಊರಲ್ಲೇ ಇರಬೇಕು, ಕುಡಿಯಬಾರದು, ಕರೆದಾಗ ಅಧಿಕಾರಿಯ ಮುಂದೆ ಹಾಜರಾಗಬೇಕು ಎಂಬುದು ಷರತ್ತು. ಮಳೆ ಕೈಕೊಟ್ಟ ವರ್ಷ ಅವನು ಯಾರಿಗೂ ಹೇಳದೆ ಬೆಂಗಳೂರಿನ ಪೀಣ್ಯಕ್ಕೆ ಕೂಲಿಗೆ ಹೋದರೆ, ಕೆಟ್ಟ ಉದ್ದೇಶವಿಲ್ಲದಿದ್ದರೂ ವಾಸದ ಷರತ್ತು ಮುರಿದಂತೆಯೇ. ರಾಜಧಾನಿಗೆ ಇಷ್ಟು ಹತ್ತಿರವಿರುವ ಗುಬ್ಬಿ, ಕುಣಿಗಲ್ ಕಡೆಯ ಜನಕ್ಕೆ ಇದು ದೂರದ ಮಾತಲ್ಲ. ಇಂಥ ಸಂದರ್ಭಕ್ಕೆಂದೇ 8ನೇ ಕಲಂ ಇದೆ: ಪರಿವೀಕ್ಷಣಾಧಿಕಾರಿ ಅರ್ಜಿ ಸಲ್ಲಿಸಿದರೆ, ಅಪರಾಧಿ ಮತ್ತು ಸಾರ್ವಜನಿಕರ ಹಿತಕ್ಕೆ ಅಗತ್ಯವೆಂದು ಕಂಡಲ್ಲಿ ನ್ಯಾಯಾಲಯ ಷರತ್ತು ಬದಲಿಸಬಹುದು. ನಡತೆ ಚೆನ್ನಾಗಿದ್ದು ಉಸ್ತುವಾರಿ ಬೇಡವೆನಿಸಿದರೆ ಮುಚ್ಚಳಿಕೆಯಿಂದಲೇ ಬಿಡುಗಡೆ ಮಾಡಬಹುದು. ಹೋಗುವ ಮೊದಲು ಅಧಿಕಾರಿಗೆ ತಿಳಿಸಿದ್ದರೆ ಉಳಿಯುತ್ತಿದ್ದ ಅವಕಾಶ, ತಿಳಿಸದೆ ಹೋದದ್ದರಿಂದ ವಾರಂಟಾಗಿ ಮನೆ ಬಾಗಿಲಿಗೆ ಬರುತ್ತದೆ.

ಮೂಲ ಅಪರಾಧಕ್ಕೆ ಶಿಕ್ಷೆ ಎನ್ನುವಾಗ, ಅಪರಾಧ ನಡೆದಿತ್ತೋ ಇಲ್ಲವೋ ಎಂಬ ಪ್ರಶ್ನೆ ಮತ್ತೆ ಏಳುವುದಿಲ್ಲ. ಅದು ಮೊದಲೇ ತೀರ್ಮಾನವಾಗಿದೆ. ಶಿಕ್ಷೆಯ ಪ್ರಮಾಣವಷ್ಟೇ ಚರ್ಚೆಗೆ ಬರುತ್ತದೆ, ಅದೂ ಆ ಅಪರಾಧಕ್ಕೆ ಕಾನೂನು ಇಟ್ಟಿರುವ ಮಿತಿಯೊಳಗೆ. ಪ್ರೊಬೇಷನ್ ಅವಧಿಯಲ್ಲಿ ಹೊಸ ಅಪರಾಧ ಎಸಗಿದವನು ಹೊಸ ಮೊಕದ್ದಮೆಯನ್ನೂ ಹಳೆಯ ಶಿಕ್ಷೆಯನ್ನೂ ಎದುರಿಸಬೇಕಾಗಬಹುದು.

ಜಾಮೀನುದಾರರ ಸ್ಥಿತಿ ಬೇರೆ. ತಾಲ್ಲೂಕು ನ್ಯಾಯಾಲಯಗಳಲ್ಲಿ ಸೋದರಮಾವನೋ ಷಡ್ಡಕನೋ ಪಹಣಿ ಹಿಡಿದುಕೊಂಡು ಬಂದು ಜಾಮೀನು ನಿಲ್ಲುವುದು ಸಾಮಾನ್ಯ. ಮುಚ್ಚಳಿಕೆ ಮುಟ್ಟುಗೋಲಾದರೆ ಅವರಿಗೆ ನೋಟಿಸು ಬರುತ್ತದೆ. ತಕ್ಕ ಕಾರಣ ಕೊಡದಿದ್ದರೆ ಬರೆದುಕೊಟ್ಟ ಮೊತ್ತವನ್ನು ದಂಡದಂತೆ ವಸೂಲಿ ಮಾಡಬಹುದು. ವಸೂಲಾಗದಿದ್ದರೆ ಆರು ತಿಂಗಳವರೆಗೆ ಸಿವಿಲ್ ಸೆರೆವಾಸವೂ ಸಾಧ್ಯ. ಕಾರಣ ದಾಖಲಿಸಿ ಮೊತ್ತದ ಒಂದು ಭಾಗವನ್ನು ಮನ್ನಾ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ.

ಕಣ್ಣಿಗೆ ಬೀಳದ ನಷ್ಟವೊಂದು 12ನೇ ಕಲಮಿನಲ್ಲಿದೆ. ಪ್ರೊಬೇಷನ್ ಮೇಲೆ ಬಿಡುಗಡೆಯಾದವನಿಗೆ ದೋಷಿಯೆಂಬ ತೀರ್ಪಿಗೆ ಕಾನೂನು ಅಂಟಿಸುವ ಅನರ್ಹತೆ ತಟ್ಟುವುದಿಲ್ಲ. ಮುಂದೆ ಅವನಿಗೆ ಮೂಲ ಅಪರಾಧಕ್ಕೇ ಶಿಕ್ಷೆಯಾದರೆ ಈ ರಕ್ಷಣೆ ಹೋಗುತ್ತದೆ. ಈ ರಕ್ಷಣೆಗೂ ಮಿತಿಯಿದೆ: ಸರ್ಕಾರಿ ನೌಕರನ ವಜಾ ಇದರಿಂದ ತಾನಾಗಿ ತಪ್ಪುವುದಿಲ್ಲ ಎಂದು 1990ರಲ್ಲಿ ಬಕ್ಷಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

1973ರ ದಂಡ ಪ್ರಕ್ರಿಯಾ ಸಂಹಿತೆಯ 360ನೇ ಕಲಮಿನಲ್ಲಿದ್ದ ಇದೇ ಬಗೆಯ ಏರ್ಪಾಡು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 401ನೇ ಕಲಮಿಗೆ ಬಂದಿದೆ. 1958ರ ಕಾಯ್ದೆ ಪ್ರತ್ಯೇಕವಾಗಿ ಉಳಿದಿದೆ. ಆ ದಿನಕ್ಕೆ ಮೊದಲು ನಡೆದ ಅಪರಾಧಕ್ಕೆ ಪ್ರೊಬೇಷನ್ ಪಡೆದವನು ಇಂದು ಷರತ್ತು ಮುರಿದರೂ ಅವನಿಗೆ ಶಿಕ್ಷೆ ನಿಗದಿಯಾಗುವುದು ಹಳೆಯ ಭಾರತೀಯ ದಂಡ ಸಂಹಿತೆಯ ಪ್ರಕಾರವೇ.